ಹರಕೆಯಲ್ಲದ ನಡಿಗೆ

ಜನವರಿಯ ಎರಡನೇ ಭಾನುವಾರ, ಸಂಜೆಯ ಚಹಾ ಹೊತ್ತಿನಲ್ಲಿ, ಅಮ್ಮ ಬೆಣ್ಣೆಹಣ್ಣನ್ನು ಬ್ರೆಡ್ಡಿಗೆ ಸವರುತ್ತ ಸವರುತ್ತಲೇ ಹೇಳಿದಳು.

"ಫೆಬ್ರವರಿ ಕೊನೆ ವಾರ ನಾನು ದಕ್ಷಿಣಕ್ಕೆ ಹೋಗ್ತೀನಿ. ಆರು ದಿನ. ಒಬ್ಬಳೇ."

ಅಜ್ಜಿ ಚಹಾದಲ್ಲಿ ಅದ್ದಿದ ಬ್ರೆಡ್ಡನ್ನು ಬಾಯಿಗೆ ತರುತ್ತಿದ್ದವಳು ಅರ್ಧದಲ್ಲೇ ನಿಲ್ಲಿಸಿದಳು. ಅದರ ತುದಿ ಕಳಚಿ ಬಟ್ಟಲಿಗೆ ಬಿತ್ತು.

"ಯಾರು ಸತ್ರು?"

"ಯಾರೂ ಸತ್ತಿಲ್ಲ ಅತ್ತೆ."

"ಮತ್ತೆ ಯಾರ ಮನೆಗೆ?"

"ಯಾರ ಮನೆಗೂ ಅಲ್ಲ. ಕಾಡಿಗೆ. ಅಲ್ಲೊಂದು ಸರೋವರ ಇದೆ. ಡೇರೆ ಹಾಕ್ಕೊಂಡು ಇರ್ತೀನಿ."

ಇದನ್ನೆಲ್ಲ ಅವಳ ತಲೆಗೆ ತುಂಬಿದವಳು ನಾನೇ ಎಂಬಂತೆ ಅಪ್ಪ ನನ್ನ ಮುಖ ನೋಡಿದ. ನನಗೂ ಅದು ಹೊಸ ಸುದ್ದಿಯೇ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕುತ್ತ ಕುಳಿತೆ.

ಅಮ್ಮ ನಮ್ಮೂರು ಲಿನಾರೆಸ್ಸಿನ ಸರ್ಕಾರಿ ಶಾಲೆಯೊಂದರ ಅಡುಗೆಯವಳು. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಇನ್ನೂರನಲವತ್ತು ಮಕ್ಕಳಿಗೆ ಬೇಯಿಸುತ್ತಾಳೆ. ಆಮೇಲೆ ಮನೆಗೆ ಬಂದು ನಮಗೆ. ಅವಳು ಬಡಿಸುವ ಕಟ್ಟೆಯ ಎದುರು ಗೋಡೆಯಲ್ಲಿ ಹಳೆಯ ಚಿತ್ರಪಟವೊಂದಿದೆ. ಒಂದು ಸರೋವರ, ದಂಡೆಯಲ್ಲಿ ಕೊಡೆ ಬಿಚ್ಚಿ ನಿಂತಂಥ ಅರೌಕಾರಿಯಾ ಮರಗಳು. ಕಿಟಕಿಯ ಬಿಸಿಲಿಗೆ ಹಸಿರೆಲ್ಲ ಹಾರಿಹೋಗಿ ಪಟವಿಡೀ ನೀಲಿಯಾಗಿದೆ. ಸೌಟು ಎತ್ತಿದಾಗಲೆಲ್ಲ ಅವಳ ಕಣ್ಣಿಗೆ ಬೀಳುವುದು ಅದೇ.

"ಮರ ಇನ್ನೂ ಹಸಿರಾಗಿದೆಯೋ ಇಲ್ವೋ ನೋಡ್ಕೊಂಡು ಬರ್ತೀನಿ," ಎಂದಳು.

"ಒಂಟಿ ಹೆಂಗಸು, ಡೇರೇಲಿ," ಎಂದ ಅಪ್ಪ.

"ನೀನು ತಿಂಗಳಿಗೆ ಹದಿನೈದು ದಿನ ಲಾರೀಲಿ ಒಬ್ಬನೇ ಮಲಗಲ್ವಾ ಒಸಿಯೆಲ್?"

"ಅದು ಕೆಲಸ ನೊಲ್ಫಾ."

"ಇದು ರಜ."

ಅಜ್ಜಿಗೆ ಎಂಬತ್ತೊಂದು. ಅಪ್ಪನ ತಾಯಿ. ದಿನಕ್ಕೆ ಮೂರು ಸಲ ಅವಳ ಕಣ್ಣಿಗೆ ಔಷಧಿಯ ಹನಿ ಬೀಳಬೇಕು. "ನನ್ನ ಕಣ್ಣಿಗೆ ಹನಿ ಯಾರು ಹಾಕ್ತಾರೆ?" ಎಂದು ಕೇಳಿದಳು.

"ಮಾರ್ಲೆನ್ ಹಾಕ್ತಾಳೆ."

"ಅವಳ ಕೈ ನಡುಗುತ್ತೆ. ಹೋದ ಸಲ ಕಿವಿಗೆ ಹಾಕಿದ್ಲು."

ಅದು ಸುಳ್ಳಲ್ಲ. ನಾನು ತಾಲ್ಕಾದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಪದವಿ ತಂದು ಎರಡು ವರ್ಷವಾಯಿತು. ಅರ್ಜಿ ಕಳಿಸುತ್ತೇನೆ, ದಿನಚರಿ ಬರೆಯುತ್ತೇನೆ, ಪಾತ್ರೆ ತೊಳೆಯುತ್ತೇನೆ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುತ್ತೇನೆ. ಆರು ದಿನ ಈ ಮನೆ ನನ್ನ ಕೈಯಲ್ಲಿ ಎಂದರೆ ನನಗೂ ಭಯವೇ ಆಯಿತು.

ಅಂದು ಯಾರೂ ಹೂಂ ಎನ್ನಲಿಲ್ಲ. ಅಮ್ಮ ಯಾರನ್ನೂ ಕೇಳಿರಲೂ ಇಲ್ಲ. ಎದ್ದು ಬಟ್ಟಲು ಎತ್ತಿದಳು.

ಮರುವಾರ ಸಂತೆಯ ಹಳೆಬಟ್ಟೆ ರಾಶಿಯಲ್ಲಿ ಅವಳಿಗೊಂದು ಬೆನ್ನುಚೀಲ ಸಿಕ್ಕಿತು. ಕಡುಗೆಂಪು, ಒಂದು ಜಿಪ್ಪು ಕೆಟ್ಟದ್ದು. ಜಿಪ್ಪಿನ ಜಾಗಕ್ಕೆ ಏಪ್ರನ್ನಿನ ದಾರ ಹೊಲಿದಳು. ಡೇರೆ, ಮಲಗುವ ಚೀಲ, ಅಂಗೈಯಗಲದ ಗ್ಯಾಸ್ ಒಲೆ, ಮೂರನ್ನೂ ಶಾಲೆಯ ವ್ಯಾಯಾಮದ ಮೇಷ್ಟ್ರು ಎರವಲು ಕೊಟ್ಟರು. ಹೊರುವ ಭಾರ ಮೈತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಎಂದೂ ಅವರೇ ಹೇಳಿದ್ದು. ಅಮ್ಮ ಐವತ್ತಾರು ಕಿಲೋ ಇದ್ದಾಳೆ. ಹಾಗಾಗಿ ಹನ್ನೊಂದು ಕಿಲೋ ಎಂಬುದು ನಮ್ಮ ಮನೆಯಲ್ಲಿ ಒಂದು ಕಾನೂನಾಯಿತು. ತರಕಾರಿಯವನ ತೂಗುತಕ್ಕಡಿಯನ್ನು ತಂದು ದ್ರಾಕ್ಷಿ ಚಪ್ಪರದ ಕಂಬಕ್ಕೆ ಕಟ್ಟಿದಳು. ದಿನಾ ತೂಕ. ಸೋಪು ಅರ್ಧವಾಯಿತು, ಬಾಚಣಿಗೆ ಅರ್ಧವಾಯಿತು, ಟವಲನ್ನು ಕತ್ತರಿಸಿ ಅಂಚು ಹೊಲಿದಳು.

"ಅರ್ಧ ಟವಲಲ್ಲಿ ಅರ್ಧ ಮೈ ಒರೆಸ್ಕೋತೀಯಾ?" ಎಂದಳು ಅಜ್ಜಿ, ಚಪ್ಪರದ ಕೆಳಗಿನ ಕುರ್ಚಿಯಿಂದ.

"ಇನ್ನರ್ಧ ಗಾಳಿಗೆ ಒಣಗುತ್ತೆ ಅತ್ತೆ."

ಒಲೆಯದೇ ದೊಡ್ಡ ಫಜೀತಿಯಾಯಿತು. ಪುಟ್ಟ ಅಲ್ಯುಮಿನಿಯಂ ಪಾತ್ರೆಯಲ್ಲಿ ಅಮ್ಮ ಅನ್ನಕ್ಕಿಟ್ಟರೆ ಅದು ಉಬ್ಬಿ ಮುಚ್ಚಳವನ್ನು ಎತ್ತಿಹಾಕಿತು. ಬೆಂಕಿಯ ಮೇಲೆ ಚೆಲ್ಲಿ ಒಲೆ ಆರಿಹೋಯಿತು. ಮೇಲೆ ಮುದ್ದೆ, ಕೆಳಗೆ ಅಕ್ಕಿ.

"ಎಷ್ಟು ಹಾಕಿದ್ದೆ?" ಎಂದು ಕೇಳಿದೆ.

"ಮೂರು ಹಿಡಿ."

"ಒಬ್ಬಳಿಗಾ?"

"ನಂಗೇನು ಗೊತ್ತು. ಒಬ್ಬಳಿಗೆ ಅಂತ ಯಾವತ್ತು ಮಾಡಿದ್ದೀನಿ."

ಇನ್ನೂರನಲವತ್ತು ಮಂದಿಗೆ ಅಳೆಯದೆ ನೀರು ಹಾಕುವವಳು. ಅವತ್ತು ಆ ಅನ್ನವನ್ನು ನಾಲ್ವರೂ ತಿಂದೆವು. ಅಜ್ಜಿ ಕಲ್ಲು ತಿನ್ನುವವಳ ಹಾಗೆ ಮುಖ ಮಾಡಿ ಎರಡನೇ ಸಲ ಹಾಕಿಸಿಕೊಂಡಳು. ಮಾರನೇ ದಿನ ಅಮ್ಮ ಎರಡು ಹಿಡಿ ಹಾಕಿದಳು, ಆಗಲೂ ಉಳಿಯಿತು. ಒಂದೂವರೆ ಹಾಕಿದರೆ ತಳ ಹಿಡಿಯಿತು. ಸಂಜೆ ಐದಕ್ಕೆ ಚಪ್ಪರದ ಕೆಳಗೆ ಮಂಡಿಯೂರಿ, ಕೂದಲನ್ನು ಹಿಂದಕ್ಕೆ ತಳ್ಳುತ್ತ, ಆ ಆಟಿಕೆಯಂಥ ಪಾತ್ರೆಯನ್ನು ನೋಡುತ್ತ ಕೂರುತ್ತಿದ್ದಳು. ಸುಸ್ತಾದವರ ಹಾಗೆ ಕಾಣುತ್ತಿದ್ದಳು, ಆದರೆ ಏಳುತ್ತಿರಲಿಲ್ಲ.

ಶಾಲೆಗೆ ಬೇಸಿಗೆ ರಜ, ಹಾಗಾಗಿ ಬೆಳಿಗ್ಗೆ ಅಭ್ಯಾಸ. ಚೀಲಕ್ಕೆ ಹತ್ತು ಕಿಲೋ ಆಲೂಗಡ್ಡೆ ತುಂಬಿ ಹೊತ್ತುಕೊಂಡು ಅಚಿಬುಯೆನೊ ನದಿಯ ದಾರಿಯಲ್ಲಿ ಸೇತುವೆಯ ತನಕ ಹೋಗಿ ಬರುತ್ತಿದ್ದಳು. ಮೂರನೇ ದಿನಕ್ಕೆ ಬೀದಿಯ ಕಿಟಕಿಗಳ ಪರದೆ ಸರಿಯತೊಡಗಿದವು.

ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಅದು ಮಾತಾಯಿತು. ನಮ್ಮ ಮೂಲೆಯ ಅಂಗಡಿಯಲ್ಲಿ ಹನ್ನೆರಡೂವರೆಗೆ ಬಿಸಿ ಬ್ರೆಡ್ಡು ಬರುತ್ತದೆ. ಅದಕ್ಕೆ ಹತ್ತು ನಿಮಿಷ ಮೊದಲೇ ಬೀದಿಯ ಹೆಂಗಸರೆಲ್ಲ ಬಟ್ಟೆಚೀಲ ಹಿಡಿದು ನಿಂತಿರುತ್ತಾರೆ. ಅಂದು ಅಜ್ಜಿ ನನ್ನ ತೋಳು ಹಿಡಿದು ಬಂದಿದ್ದಳು. ಪಕ್ಕದ ಮನೆಯ ಬೆರ್ತಿಲಾ, ಮರ್ಯಾದೆಗೆ ದೋನ್ಯಾ ಬೆರ್ತಿಲಾ, ಹಿಂತಿರುಗಿ ನೋಡಿ, ಸಾಲಿಗೆಲ್ಲ ಕೇಳುವಷ್ಟು ಮೆಲ್ಲಗೆ ಕೇಳಿದಳು.

"ದೋನ್ಯಾ ಎಡುವಿಹೆಸ್, ತಪ್ಪು ತಿಳಿಬೇಡಿ. ನಿಮ್ಮ ಸೊಸೆ ಒಸಿಯೆಲ್‌ನ ಬಿಟ್ಟು ಹೋಗ್ತಿದ್ದಾಳಂತೆ?"

ಅಜ್ಜಿಯ ಬೆರಳು ನನ್ನ ತೋಳಿನಲ್ಲಿ ಬಿಗಿಯಾಯಿತು.

"ಹರಕೆ," ಎಂದಳು.

"ಏನಂದ್ರಿ?"

"ಹರಕೆ ಹೊತ್ತಿದ್ದಾಳೆ. ಯುಂಬೆಲ್ಲಿನ ಸಂತ ಸೆಬಾಸ್ಟಿಯನ್ನಿಗೆ. ಬೆನ್ನ ಮೇಲೆ ಭಾರ ಹೊತ್ತು ನಡೆದು ಬರ್ತೀನಿ ಅಂತ."

"ಜಾತ್ರೆ ಆಗಿಹೋಯ್ತಲ್ಲ."

"ಜನಜಂಗುಳೀಲಿ ಬೇಡ ಅಂತ. ಅಲ್ವಾ ಮಾರ್ಲೆನ್?"

ಸಾಲಿನಲ್ಲಿ ಎಂಟು ಹತ್ತು ಮುಖಗಳಿದ್ದವು. ನಾನು ತಲೆಯಾಡಿಸಿದೆ. ಅಂದಿನ ದಿನಚರಿಯಲ್ಲಿ ಬರೆದದ್ದು ಇಷ್ಟೇ: ನಾನೂ ಹೌದು ಅಂದೆ.

ಆ ಒಂದು ಮಾತಿನಿಂದ ಬೀದಿ ಮೆತ್ತಗಾಯಿತು. ಅಮ್ಮ ಚೀಲ ಹೊತ್ತು ಹೋಗುವಾಗ ಗಂಡಸರು ಟೋಪಿ ಮುಟ್ಟಿ ದಾರಿ ಬಿಟ್ಟರು. ತರಕಾರಿಯವನು ತಕ್ಕಡಿ ವಾಪಸು ಕೇಳುವುದನ್ನು ನಿಲ್ಲಿಸಿದ. ಅಪ್ಪ ಬಂದರಿನಲ್ಲಿ ಹಣ್ಣಿನ ಪೆಟ್ಟಿಗೆ ಇಳಿಸಿ ಮನೆಗೆ ಬಂದವನು ಊಟಕ್ಕೆ ಕೂತು, "ಮೊದಲೇ ಹೇಳಬಾರದಿತ್ತಾ ನೊಲ್ಫಾ," ಎಂದ. "ನಾನ್ಯಾಕೆ ಬೇಡ ಅನ್ಲಿ."

"ಏನು ಹೇಳಬೇಕಿತ್ತು?" ಎಂದಳು ಅಮ್ಮ, ಅವನ ತಟ್ಟೆಗೆ ಹುರುಳಿಕಾಯಿ ಬಡಿಸುತ್ತ.

"ಇನ್ನೇನಾದ್ರೂ ಬೇಕಾ ಮಾರ್ಲೆನ್?" ಎಂದು ಅಜ್ಜಿ ಜೋರಾಗಿ ನನ್ನನ್ನು ಕೇಳಿದಳು. ಅಪ್ಪ ಕಲ್ಲಂಗಡಿ ಕೊಯ್ಯಲು ಎದ್ದ. ಮಾತು ಅಲ್ಲಿಗೆ ಮುಗಿಯಿತು. ಅಮ್ಮನ ಕಿವಿ ಅವಳ ಗ್ಯಾಸ್ ಒಲೆಯ ಕಡೆಗಿತ್ತು. ಅವಳು ಆ ಮಾತಿನ ಬೆನ್ನು ಹತ್ತಲಿಲ್ಲ.

ಮೇಣದ ಬತ್ತಿಗಳು ಬರತೊಡಗಿದ್ದು ಅದಾದ ಮೇಲೆ. ಅಮ್ಮ ನಡೆಯಲು ಹೋದ ಹೊತ್ತು ನೋಡಿ ಬರುತ್ತಿದ್ದರು. ದೋನ್ಯಾ ಬೆರ್ತಿಲಾ ಎರಡು ತಂದಳು, ಮಗನ ಪರೀಕ್ಷೆಗೆ. ಬ್ರೆಡ್ಡಿನ ಅಂಗಡಿಯವಳು ಒಂದು, ಮಂಡಿನೋವಿಗೆ. ಆರು ಮನೆಯಿಂದ ಹತ್ತು ಬತ್ತಿ. ಅಜ್ಜಿ ಅವನ್ನೆಲ್ಲ ತನ್ನ ಮಂಚದ ಕೆಳಗಿನ ಶೂ ಪೆಟ್ಟಿಗೆಯಲ್ಲಿ ಇಟ್ಟಳು. "ಆಮೇಲೆ ನೋಡೋಣ," ಎಂದಳು ನನಗೆ. ನಾನು ಬಾಗಿಲು ತೆಗೆಯುತ್ತಿದ್ದೆ, ಬತ್ತಿ ಇಸಿದುಕೊಳ್ಳುತ್ತಿದ್ದೆ, ಥ್ಯಾಂಕ್ಸ್ ಹೇಳುತ್ತಿದ್ದೆ.

ಹೊರಡುವುದಕ್ಕೆ ಒಂಬತ್ತು ದಿನ ಇರುವಾಗ ಬೀದಿಕೊನೆಯ ದೋನ್ಯಾ ಉಂಬೆಲಿನಾ ಬಂದಳು. ಅವಳಿಗೆ ಹೊತ್ತುಗೊತ್ತು ತಿಳಿಯಲಿಲ್ಲ. ಅಮ್ಮ ಮನೆಯಲ್ಲೇ ಇದ್ದಳು. ಮುದುಕಿ ನೀಲಿ ಟೇಪು ಕಟ್ಟಿದ ಎರಡು ಬತ್ತಿಗಳನ್ನೂ ನಾಲ್ಕು ಮಡಿಕೆಯ ಚೀಟಿಯನ್ನೂ ಅಮ್ಮನ ಅಂಗೈಯಲ್ಲಿಟ್ಟು, ಅದನ್ನು ತನ್ನ ಎರಡೂ ಕೈಯಿಂದ ಮುಚ್ಚಿದಳು.

"ಮೊಮ್ಮಗನಿಗೆ ಕಿಡ್ನಿ ಸಿಗಬೇಕು ನೊಲ್ಫಾ. ಪಟ್ಟೀಲಿ ಹೆಸರಿದ್ದು ಎರಡು ವರ್ಷ ಆಯ್ತು. ನನ್ನ ಕಾಲು ಯುಂಬೆಲ್ಲಿನ ತನಕ ಬರಲ್ಲ. ನಿನ್ನ ಕಾಲಿನ ಜೊತೆ ಇದೂ ಹೋಗ್ಲಿ."

ಅಮ್ಮ ಅಜ್ಜಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನಾನು ನೆಲ ನೋಡಿದೆ. ಅಮ್ಮ ಮುದುಕಿಯನ್ನು ಗೇಟಿನ ತನಕ ಕೈಹಿಡಿದು ಕಳಿಸಿ ಬಂದಳು.

"ಇನ್ನೆಷ್ಟಿದೆ?"

ನಾನು ಶೂ ಪೆಟ್ಟಿಗೆ ತಂದಿಟ್ಟೆ. ಅಮ್ಮ ಹನ್ನೆರಡನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿ ತಕ್ಕಡಿಗೆ ಸಿಕ್ಕಿಸಿದಳು. ಎರಡು ಕಿಲೋ ನಾನೂರು ಗ್ರಾಮು.

"ಬಾಚಣಿಗೆ ಮುರ್ಕೊಂಡಿದ್ದೀನಿ ನಾನು," ಎಂದಳು.

"ದಾರೀಲೇ ಇದೆಯಲ್ಲ ಯುಂಬೆಲ್," ಎಂದಳು ಅಜ್ಜಿ. "ಇಳಿದು ಇಟ್ಟು ಹೋದ್ರೆ ಆಯ್ತು. ಅರ್ಧ ದಿನದ ಮಾತು."

"ಇಳಿದ್ರೆ ಅದು ಹರಕೇನೇ ಆಗುತ್ತೆ ಅತ್ತೆ. ಬೀದಿಯವರ ಕೆಲಸಕ್ಕೆ ಹೋದ ಹಾಗಾಗುತ್ತೆ. ಕೆಲಸಕ್ಕೇ ಹೋಗೋದಾದ್ರೆ ಶಾಲೆ ಇಲ್ವಾ ನಂಗೆ?"

"ಬೀದೀಲಿ ಏನಂತಿದ್ರು ಗೊತ್ತಾ ನಿನ್ನ ಬಗ್ಗೆ? ಗಂಡನ್ನ ಬಿಟ್ಟು ಓಡ್ತಾಳೆ ಅಂತ. ಹರಕೆ ಅಂದ ಮೇಲೆ ಒಬ್ಬರಾದ್ರೂ ಬಾಯಿ ತೆಗೆದ್ರಾ? ನಿಂಗೆ ದಾರಿ ಮಾಡಿಕೊಟ್ಟಿದ್ದು ನಾನು."

"ನನ್ನ ಆರು ದಿನ ಇತ್ತು. ಅದನ್ನ ತಗೊಂಡು ಸಂತನಿಗೆ ಕೊಟ್ಟುಬಿಟ್ರಿ."

"ಅಪಚಾರ ಮಾತಾಡಬೇಡ."

"ಮತ್ತೆ ನೀವು ಆಡಿದ್ದು?"

ಅಮ್ಮ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ನನ್ನ ಕಡೆ ತಿರುಗಿ, "ನೀನೂ ಇದ್ದೆಯಾ ಅಲ್ಲಿ?" ಎಂದಳು. ಇದ್ದೆ ಎಂದೆ. "ಹ್ಞಾಂ," ಎಂದು ಒಳಗೆ ಹೋದಳು.

ಬೆನ್ನುಚೀಲವನ್ನು ಅಡುಗೆಮನೆಗೆ ತಂದು ಬಾಯಿ ಬಿಚ್ಚಿ ಆಲೂಗಡ್ಡೆಯನ್ನು ಸಿಂಕಿಗೆ ಸುರಿದಳು. ನಾಲ್ಕು ವಾರ ನದಿಗೆ ಹೋಗಿ ಬಂದ ಆಲೂಗಡ್ಡೆ, ಕೆಲವು ಮೊಳಕೆಯೊಡೆದಿದ್ದವು. ಸಿಪ್ಪೆ ಹೆರೆದು, ಇದ್ದಷ್ಟನ್ನೂ ಶಾಲೆಯ ಅಡುಗೆಯವಳ ಕೈಯಿಂದ ಒಂದೇ ಸಲ ದೊಡ್ಡ ಪಾತ್ರೆಗೆ ಹಾಕಿ ಸಾರು ಮಾಡಿದಳು. ಮೂರು ದಿನ ಅದನ್ನೇ ತಿಂದೆವು. ಬೆಳಿಗ್ಗೆ ನಡೆಯಲು ಹೋಗಲಿಲ್ಲ. ಚಪ್ಪರದ ಕೆಳಗೆ ಒಲೆ ಹಚ್ಚಲಿಲ್ಲ. ಮೇಷ್ಟ್ರ ಡೇರೆಯನ್ನು ಮಡಚಿ ವಾಪಸು ಕೊಡಲು ಬಾಗಿಲ ಹಿಂದೆ ಇಟ್ಟಳು. ಅಪ್ಪ ಎರಡನೇ ದಿನ ಕೇಳಿದ, "ಹೋಗಲ್ವಾ ಹಾಗಾದ್ರೆ?"

"ಸುಸ್ತಾಗಿದೆ," ಎಂದಳು. "ಹೋಗೋದಕ್ಕೇ ಇಷ್ಟು ಸುಸ್ತಾದ್ರೆ ಹೋಗಿ ಏನು ಮಾಡ್ಲಿ."

ನಾಲ್ಕನೇ ದಿನ ಬೆಳಿಗ್ಗೆ ಅಜ್ಜಿಗೆ ಹನಿ ಹಾಕುವ ಕೆಲಸ ನನಗೆ ಬಂತು. ಅವಳು ಅಡುಗೆಮನೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂತಿದ್ದಳು. ಅಮ್ಮ ನಮಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಕಣ್ಣಿಗೇ ಬಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡು, ಮುಚ್ಚಿದ ಹಾಗೇ ಮಾತಾಡತೊಡಗಿದಳು.

"ನಾನೂ ಒಂದು ಸಲ ಯುಂಬೆಲ್ಲಿಗೆ ಹೋಗಿದ್ದೆ. ಒಸಿಯೆಲ್‌ಗೆ ಆಗ ಎರಡು ವರ್ಷ. ರೈಲಲ್ಲಿ. ಅವನಿಗೆ ಜ್ವರ ಬಂದಾಗ ಹರಕೆ ಹೊತ್ತಿದ್ದೆ ಅಂತ ನನ್ನ ಅತ್ತೇಗೆ ಹೇಳಿದೆ."

"ಜ್ವರ ಬಂದಿತ್ತಾ?"

"ಎಲ್ಲಿ ಬಂತು. ಕುದುರೆ ಹಾಗಿದ್ದ. ಮನೇಲಿ ಹದಿಮೂರು ಮಂದಿ. ಬ್ರೆಡ್ಡು ನಾನೇ ನಾದಬೇಕಿತ್ತು, ದಿನಾ, ನಸುಕಲ್ಲಿ. ನಾದಿ ನಾದಿ ಕೈ ಹೀಗೆ ಮಡಚಿದ್ದು ಬಿಚ್ತಿರಲಿಲ್ಲ." ಅವಳು ಕಣ್ಣು ಮುಚ್ಚಿಯೇ ಬೆರಳು ಮಡಚಿ ತೋರಿಸಿದಳು. "ಮೂರು ದಿನ ಚರ್ಚಿನ ಹಿಂದೆ ಒಂದು ಮರದ ಕೆಳಗಿದ್ದೆ. ಯಾರೋ ಮಾಡಿದ್ದನ್ನ ಕೊಂಡು ತಿಂದೆ. ಬತ್ತಿ ಒಂದನ್ನೂ ಹಚ್ಚಲಿಲ್ಲ, ಅಷ್ಟಕ್ಕೆ ದುಡ್ಡಿರಲಿಲ್ಲ. ಬೇರೆ ಯಾವ ಮಾತು ಹೇಳಿದ್ರೂ ಗೇಟು ದಾಟೋಕೆ ಬಿಡ್ತಿರಲಿಲ್ಲ ಕಣೇ. ನಂಗೆ ಗೊತ್ತಿದ್ದಿದ್ದು ಅದೊಂದೇ ಮಾತು."

ನಲ್ಲಿಯ ನೀರು ನಿಂತಿತ್ತು. ಅಮ್ಮ ತಿರುಗಲಿಲ್ಲ. ಬೆನ್ನು ಮಾಡಿಯೇ ಕೇಳಿದಳು.

"ಬಂದ ಮೇಲೆ?"

"ಬಂದ ಮೇಲೆ ಏನು. ಹಿಟ್ಟು ಕಾಯ್ತಿತ್ತು."

ನಲ್ಲಿ ಮತ್ತೆ ತೆರೆಯಿತು.

ಇನ್ನು ಐದು ದಿನ ಉಳಿದಿತ್ತು. ತಪ್ಪು ಹೇಳಿದವಳು ಅಜ್ಜಿ, ಆದರೆ ಸಾಲಿನಲ್ಲಿ ಅವಳು ಕೇಳಿದ್ದು ನನ್ನನ್ನು. ನಾನು ಅಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟು, ಬತ್ತಿಗಳ ಚೀಲ ತಗೊಂಡು ಹೊರಟೆ. ಗೇಟಿನ ಹತ್ತಿರ ಎರಡು ಸಲ ನಿಂತೆ.

ದೋನ್ಯಾ ಬೆರ್ತಿಲಾ ಬಾಗಿಲು ತೆರೆದಳು. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ಹರಕೆ ಅಲ್ಲ," ಎಂದೆ. "ಅಮ್ಮ ಹರಕೆ ಹೊತ್ತಿಲ್ಲ. ಅವಳು ಹೇಳಿಯೂ ಇಲ್ಲ. ನಾವು ಹೇಳಿದ್ದು ಸುಳ್ಳು."

"ಅಂದ್ರೆ ಒಸಿಯೆಲ್‌ನ ಬಿಟ್ಟೇ ಹೋಗ್ತಿದ್ದಾಳೆ."

"ಇಲ್ಲ. ಸುಮ್ಮನೆ ಹೋಗ್ತಿದ್ದಾಳೆ."

"ಸುಮ್ಮನೆ ಯಾರು ಹೋಗ್ತಾರೆ?" ಎಂದು ಎರಡೂ ಬತ್ತಿ ಕಿತ್ತುಕೊಂಡಳು. "ಈ ಬತ್ತೀನ ಮನೇಲಿ ಏನು ಮಾಡ್ಲಿ ನಾನು?"

ಬ್ರೆಡ್ಡಿನ ಅಂಗಡಿಯವಳು ನಕ್ಕು ತನ್ನದನ್ನು ವಾಪಸು ತಗೊಂಡಳು. ಒಬ್ಬಳು ತನ್ನ ಬತ್ತಿಗಳನ್ನು ಇಸಿದುಕೊಂಡು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, ಹಾಗಿದ್ದರೆ ನಿಮ್ಮಪ್ಪನ ಲಾರಿ ಹೇಗೂ ಆ ಹೆದ್ದಾರಿಯಲ್ಲೇ ಹೋಗುತ್ತಲ್ಲ, ಅವನೇ ಇಟ್ಟು ಬರಲಿ ಎಂದಳು. ಆಮೇಲಿನ ಎರಡು ಮನೆಗಳಲ್ಲಿ ನಾನೇ ಆ ಮಾತು ಹೇಳಿದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೊನೆಗೆ ದೋನ್ಯಾ ಉಂಬೆಲಿನಾಳ ಮನೆ.

ಅವಳು ಜೋಳದ ತೆನೆ ಬಿಡಿಸುತ್ತ ಕೂತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಸುಮ್ಮನೆ ಅಂದ್ರೆ ಏನು ಮಾಡೋಕೆ?"

"ನಡೆಯೋಕೆ. ಮಲಗೋಕೆ. ಒಬ್ಬಳಿಗೆ ಅಡುಗೆ ಮಾಡ್ಕೊಳ್ಳೋಕೆ."

"ಒಬ್ಬಳಿಗೆ," ಎಂದಳು ಮುದುಕಿ. ಇನ್ನೊಂದು ತೆನೆ ಬಿಡಿಸಿ ಮುಗಿಸಿದಳು. ಆಮೇಲೆ ನನ್ನ ಕೈಯಲ್ಲಿದ್ದ ಎರಡು ಬತ್ತಿಗಳಿಂದ ಟೇಪು ಬಿಚ್ಚಿ ಬೇರೆ ಬೇರೆ ಮಾಡಿದಳು. ಚೀಟಿಯನ್ನು ಒಂದಕ್ಕೆ ಸುತ್ತಿ ಕಟ್ಟಿದಳು.

"ಇದು ಒಸಿಯೆಲ್ ಕೈಲಿ ಹೋಗ್ಲಿ. ಮರೆತ್ರೆ ಅವನ ಲಾರಿ ಚಕ್ರ ನಾಲ್ಕೂ ಪಂಚರ್ ಆಗ್ಲಿ ಅಂತ ಹೇಳು." ಇನ್ನೊಂದನ್ನು ನನಗೇ ವಾಪಸು ಕೊಟ್ಟಳು. "ಇದು ನಿಮ್ಮಮ್ಮಂಗೆ. ಸಂತನ ಹತ್ರ ಸಾವಿರ ಉರೀತಿರುತ್ತೆ. ಕಾಡಲ್ಲಿ ಅವಳ ಹತ್ರ ಒಂದಿರ್ಲಿ. ಡೇರೆ ಒಳಗೆ ಹಚ್ಚಬೇಡ ಅನ್ನು, ಸುಟ್ಟು ಹೋಗ್ತಾಳೆ."

ಮನೆಗೆ ಬಂದು ಮೇಜಿನ ಮೇಲೆ ಇಟ್ಟೆ. ಅಪ್ಪನ ಪಾಲಿಗೆ ಐದು, ಅಮ್ಮನಿಗೆ ಒಂದು.

"ಈಗ ಹರಕೆ ನನ್ನ ತಲೆಗೆ ಬಂತಾ?" ಎಂದ ಅಪ್ಪ. ಆದರೆ ಎದ್ದು, ಮುರಿಯದ ಹಾಗೆ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿದ.

"ಎಲ್ಲರ ಮನೆಗೂ ಹೋಗಿದ್ಯಾ?" ಎಂದು ಅಮ್ಮ ಕೇಳಿದಳು.

"ಏಳು ಮನೆ."

"ನೀನು ಮಾತಾಡಿದ್ಯಾ?"

"ಹ್ಞೂಂ."

ಅವಳು ತನ್ನ ಬತ್ತಿಯನ್ನು ತಕ್ಕಡಿಗೆ ಹಾಕಿದಳು. ಇನ್ನೂರು ಗ್ರಾಮು. ಬಾಗಿಲ ಹಿಂದಿನಿಂದ ಡೇರೆ ತಂದು ಚೀಲಕ್ಕೆ ತುರುಕಿದಳು. ಇನ್ನೂರು ಗ್ರಾಮಿಗೆ ಬದಲು ಏನು ತೆಗೆಯುವುದೆಂದು ಸಂಜೆಯವರೆಗೆ ಹುಡುಕಿ ಕೊನೆಗೆ ಇನ್ನರ್ಧ ಸೋಪನ್ನೂ ಒಂದು ಜೊತೆ ಕಾಲುಚೀಲವನ್ನೂ ತೆಗೆದಳು.

ಹೊರಡುವ ದಿನ ಬೆಳಿಗ್ಗೆ ಏಳಕ್ಕೆ ದಕ್ಷಿಣದ ತೆಮೂಕೊ ಊರಿಗೆ ಹೋಗುವ ಬಸ್ಸು. ನಿಲ್ದಾಣಕ್ಕೆ ನಾನೊಬ್ಬಳೇ ಹೋಗಿದ್ದೆ. ಅಜ್ಜಿ ಗೇಟಿನ ತನಕ ಬಂದು, "ಕಾಲು ಒದ್ದೆ ಮಾಡ್ಕೋಬೇಡ," ಎಂದಷ್ಟೇ ಹೇಳಿದ್ದಳು. ಬೀದಿಯಲ್ಲಿ ಯಾರೂ ಟೋಪಿ ಮುಟ್ಟಲಿಲ್ಲ. ಬೆರ್ತಿಲಾಳ ಪರದೆ ಸರಿಯಿತು. ಬಸ್ಸಿನವನು ಚೀಲವನ್ನು ಕೆಳಗಿನ ಡಿಕ್ಕಿಗೆ ಹಾಕಲು ಕೈ ಚಾಚಿದಾಗ ಅಮ್ಮ ಕೊಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತಳು. ಕಿಟಕಿಯಿಂದ ಕೈ ಬೀಸಲು ಅವಳಿಗೆ ಜಾಗವೇ ಇರಲಿಲ್ಲ.

ಆರು ದಿನದಲ್ಲಿ ನಾನು ಅಂಗಡಿಗೆ ಆರು ಸಲ ಹೋದೆ. ಮೊದಲ ದಿನ ಸಾಲಿನಲ್ಲಿ ಒಬ್ಬರೂ ಮಾತಾಡಿಸಲಿಲ್ಲ. ಎರಡನೇ ದಿನ ಬ್ರೆಡ್ಡಿನವಳು, "ಬೆಂದಿದ್ದು ಕೊಡ್ಲಾ, ಮೆತ್ತಗಿರೋದಾ?" ಎಂದಳು. ಹನಿ ಹೆಚ್ಚುಕಡಿಮೆ ಕಣ್ಣಿಗೇ ಬಿತ್ತು. ಮೂರನೇ ದಿನ ನಾನು ಮಾಡಿದ ಅನ್ನವನ್ನು ಅಜ್ಜಿ ಚಮಚದಿಂದ ಕೆದಕಿ, "ಇದು ಮೂರು ಮಂದಿಗೋ ಬೀದಿಗೋ?" ಎಂದಳು. ಅಪ್ಪ ಯುಂಬೆಲ್ಲಿನಿಂದ ಬಂದು, ಐದನ್ನೂ ಹಚ್ಚಿ ಅವು ಮುಗಿಯುವ ತನಕ ನಿಂತಿದ್ದಾಗಿ ಹೇಳಿದ. ಹಣ್ಣು ಬಂದರಿಗೆ ತಡವಾಗಿ ಬೈಸಿಕೊಂಡನಂತೆ.

ಸರೋವರದ ಹತ್ತಿರ ಸಿಗ್ನಲ್ ಇಲ್ಲ. ಕಾಡಿನ ಕಾವಲುಗಾರರ ಮನೆಯ ಬಳಿ ಮಾತ್ರ ಒಂದಿಷ್ಟು ಸಿಗುತ್ತದೆಂದು ಅಮ್ಮ ಹೇಳಿದ್ದಳು. ನಾಲ್ಕನೇ ದಿನ ಸಂಜೆ ಚಹಾ ಹೊತ್ತಿಗೆ ಫೋನು ಸದ್ದು ಮಾಡಿತು. ಚಿತ್ರ ಇರಲಿಲ್ಲ. ಎರಡು ಸಾಲಿನ ಸಂದೇಶ. ನಾನು ಗಟ್ಟಿಯಾಗಿ ಓದಿದೆ.

"ಮರ ಹಸಿರೇ ಇದೆ. ಇವತ್ತು ಅನ್ನ ಒಬ್ಬಳಿಗೆ ಸರಿಯಾಯ್ತು."

ಅಪ್ಪ, "ಅಷ್ಟೇನಾ?" ಎಂದ.

ಅಜ್ಜಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದಳು. ಇನ್ನೊಂದು ಸಲ ಓದು ಎಂದಳು. ಓದಿದೆ. ತುದಿ ಕಳಚಿ ಬಟ್ಟಲಿಗೆ ಬಿತ್ತು, ಅವಳು ನೋಡಲಿಲ್ಲ.

"ಎಷ್ಟು ನೀರು ಹಾಕಿದ್ಲಂತೆ," ಎಂದಳು, "ಕೇಳು."